ಎಲ್ಲಾ ಇದೆ, ಎಲ್ಲಿದೆ?

ಕೀಬೋರ್ಡಿನ ಎಡಮೂಲೆಯಲ್ಲಿ, ಎಸ್ಕೇಪ್‌ಗೂ ಎಫ್2ಗೂ ನಡುವೆ, ಎಫ್1 ಅನ್ನುವ ಒಂದು ಬಡಪಾಯಿ ಗುಂಡಿ ಇದೆ. ಪ್ರೋಗ್ರಾಮಿಗೊಂದು ಪದ್ಧತಿಯಾದರೆ ಬಳಸುವವರ ಗತಿಯೇನು ಎಂದು ಯೋಚಿಸಿ ಐಬಿಎಂ ಕಂಪನಿ 1987ರಲ್ಲಿ ಎಲ್ಲದಕ್ಕೂ ಒಪ್ಪುವ ನಡಾವಳಿಯೊಂದನ್ನು ಬರೆದಾಗ 'ಸಹಾಯ'ದ ಖಾತೆಯನ್ನು ಈ ಗುಂಡಿಗೆ ವಹಿಸಿತು. ಆ ಕಾಲದ ವರ್ಡ್‌ಪರ್ಫೆಕ್ಟ್‌ನಲ್ಲಿ ಸಹಾಯ ಬೇಕಾದರೆ ಎಫ್3 ಒತ್ತಬೇಕಿತ್ತು. ಎಫ್1 ಒತ್ತಿದರೆ ಕೈಯಲ್ಲಿದ್ದ ಕೆಲಸವೇ ರದ್ದು. ಈಗ ಆ ಗೊಂದಲವಿಲ್ಲ. ಎಫ್1 ಅಂದರೆ ಸಹಾಯ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬೇಕೂಂತ ಅದನ್ನು ಒತ್ತುವವರನ್ನು ನಾನು ಕಂಡಿದ್ದು ಕಡಿಮೆ. ಎಕ್ಸೆಲ್‌ನಲ್ಲಿ ಒಂದು ಮನೆಯೊಳಗಿನ ಅಂಕಿ ತಿದ್ದಲು ಎಫ್2, ತಿದ್ದಿದ್ದು ಬೇಡವಾದರೆ ಎಸ್ಕೇಪ್. ದಿನವಿಡೀ ಇವೆರಡರ ನಡುವೆ ಓಡಾಡುವ ಬೆರಳು ಒಂದು ಸಲ ಜಾರಿದರೆ ಸಾಕು, ಸಹಾಯದ ಕಿಟಕಿ ಧುತ್ತೆಂದು ಬಂದು ನಿಲ್ಲುತ್ತದೆ. ಲೆಕ್ಕಪತ್ರದ ಮಂದಿಯಲ್ಲಿ ಕೆಲವರು ಆ ಗುಂಡಿಯನ್ನೇ ಮೀಟಿ ತೆಗೆದು ಡ್ರಾಯರಿನಲ್ಲಿ ಹಾಕಿಟ್ಟಿರುತ್ತಾರೆ. ಸಹಾಯಕ್ಕೆ ಬಂದವನಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು!

ನಮ್ಮ ಭಾವನವರು ಕಿತ್ತಿಲ್ಲ. ನಿವೃತ್ತರಾದ ಮೇಲೆ ಅವರು ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತಾರೆ. ಮೊಳೆ, ಚಿಲಕ, ಪೈಪು, ಪೇಂಟು ಮಾರುವ ನಿಜವಾದ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಬಿಲ್ಲಿಂಗ್‌ಗೆ ಒಂದು ಸಾಫ್ಟ್‌ವೇರ್ ಇದೆ, ಆ ಸಾಫ್ಟ್‌ವೇರ್‌ಗೆ ಒಂದು ಹೆಲ್ಪ್ ಇದೆ, ಆ ಹೆಲ್ಪನ್ನು ಓದುವ ತಾಳ್ಮೆ ಇಡೀ ಅಂಗಡಿಯಲ್ಲಿ ಇವರೊಬ್ಬರಿಗೇ ಇದೆ. ಅವರ ತೀರ್ಪು ಒಂದೇ ಮಾತಿನದು: "ಎಲ್ಲಾ ಇದೆ ಕಣಯ್ಯಾ ಅದ್ರಲ್ಲಿ. ಎಲ್ಲಿದೆ ಅಂತ ಮಾತ್ರ ಇಲ್ಲ."

ಇದರಲ್ಲಿ ತಮಾಷೆ ಏನೆಂದರೆ, ಅವರ ಮಗಳು ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್. ಬೇರೆ ಸಾಫ್ಟ್‌ವೇರು, ಆದರೆ ಕೆಲಸ ಇದೇ, ಹೆಲ್ಪ್ ಬರೆಯುವುದು. ಮದುವೆಮನೆಗಳಲ್ಲಿ ಅವಳ ಕಷ್ಟ ದೇವರಿಗೇ ಪ್ರೀತಿ. "ಏನಮ್ಮಾ ಮಾಡ್ತಿದೀಯ?" "ಸಾಫ್ಟ್‌ವೇರ್ ಕಂಪನೀಲಿ ರೈಟರ್ ಆಂಟಿ." "ಓ, ಕತೆ ಬರೀತೀಯಾ?" ಅವಳು ಮೊದಮೊದಲು ವಿವರಿಸುತ್ತಿದ್ದಳು. ಈಗ "ಹೌದು ಆಂಟಿ, ಕತೆನೇ" ಅಂದು ಪಾಯಸದ ಕಡೆ ತಿರುಗುತ್ತಾಳೆ.

ಅವಳು ಬರೆಯುವುದರಲ್ಲಿ ನಾಲ್ಕು ಬಗೆ ಇವೆಯಂತೆ. ಡೇನಿಯೆಲೆ ಪ್ರೊಚಿದಾ ಅನ್ನುವವರು ಈ ವಿಂಗಡಣೆಗೆ ಡಯಾಟ್ಯಾಕ್ಸಿಸ್ ಎಂದು ಹೆಸರಿಟ್ಟು ಪ್ರಚಾರಕ್ಕೆ ತಂದರು: ಹೊಸಬನಿಗೆ ಕೈಹಿಡಿದು ಕಲಿಸುವ ಪಾಠ, ಇಂಥ ಕೆಲಸ ಹೀಗೆ ಮಾಡು ಅನ್ನುವ ಸೂಚನೆ, ಯಾಕೆ ಹೀಗೆ ಅನ್ನುವ ವಿವರಣೆ, ಕಡೆಯದಾಗಿ ಏನೇನು ಇದೆ ಅನ್ನುವ ರೆಫರೆನ್ಸ್. ಮೊದಲ ಮೂರನ್ನು ಬರೆಯುವವರಿಗೆ ಸ್ವಲ್ಪ ಮಾತಾಡಲು ಅವಕಾಶವಿದೆ. ನಾಲ್ಕನೆಯದು ಕೇವಲ ಪಟ್ಟಿ: ಆದೇಶಗಳು, ಫಂಕ್ಷನ್‌ಗಳು, ಸೆಟ್ಟಿಂಗ್‌ಗಳು, ದೋಷಸಂದೇಶಗಳು. ನನ್ನ ಹರಟೆ ಈ ನಾಲ್ಕನೆಯದರ ಮೇಲೆ. ಮೊದಲ ಮೂರನ್ನು ಬೈಯುವವರು ಬೇಕಾದಷ್ಟು ಜನ ಇದ್ದಾರೆ.

ರೆಫರೆನ್ಸನ್ನು ಯಾರೂ ಓದುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುವವನಿದ್ದರೆ ಅವನ ಮನೆಯವರಿಗೆ ವಿಷಯ ತಿಳಿಸುವುದು ಒಳ್ಳೆಯದು. ಜಾನ್ ಕ್ಯಾರೊಲ್ ಮತ್ತು ಮೇರಿ ಬೆತ್ ರಾಸನ್ ಎಂಬ ಇಬ್ಬರು ಐಬಿಎಂನಲ್ಲಿದ್ದಾಗ ಜನ ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತಾರೆ ಅಂತ ಗಮನಿಸಿ 1987ರಲ್ಲಿ ಬರೆದರು. ಜನ ಕೈಪಿಡಿ ಓದುವುದಿಲ್ಲ. ಓದಿಕೊಂಡರೆ ಮುಂದೆ ಸಮಯ ಉಳಿಯುತ್ತದೆ ಅಂತ ಗೊತ್ತಿದ್ದರೂ ಓದುವುದಿಲ್ಲ. ನೇರ ಕೆಲಸಕ್ಕೆ ಇಳಿಯುತ್ತಾರೆ, ಸಿಕ್ಕಿಕೊಂಡಾಗ ಮಾತ್ರ ಹುಡುಕುತ್ತಾರೆ. ಇದು ಕಂಡುಹಿಡಿಯಲು ಐಬಿಎಂವರೆಗೆ ಹೋಗಬೇಕಿರಲಿಲ್ಲ, ನಮ್ಮ ಅಕ್ಕ ಹೊಸ ಮಿಕ್ಸಿ ತಂದ ದಿನ ಬಂದಿದ್ದರೆ ಸಾಕಿತ್ತು. ಆದರೆ ಈ ಸತ್ಯವನ್ನು ನಂಬಿ ಪುಸ್ತಕ ಜೋಡಿಸುವವರು ಇವತ್ತಿಗೂ ಅಪರೂಪ. ರೆಫರೆನ್ಸಿಗೆ ಬರುವವನು ಓದುಗನಲ್ಲ, ತಡಕಾಡುವವನು. ಅರ್ಧ ವಾಕ್ಯ ಟೈಪ್ ಮಾಡಿ ಬಿಟ್ಟು ಬಂದಿದ್ದಾನೆ, ಹಿಂದೆ ಗಿರಾಕಿ ನಿಂತಿದ್ದಾನೆ. ಅವನಿಗೆ ಬೇಕಾದ್ದು ಒಂದು ಸಾಲು.

ಆ ಒಂದು ಸಾಲನ್ನು ಎಲ್ಲಿಡಬೇಕು? ಜಗಳ ಶುರುವಾಗುವುದು ಇಲ್ಲಿ.

ಒಂದು ಪಕ್ಷ ಹೇಳುತ್ತದೆ, ಅಕ್ಷರಗಳ ಕ್ರಮದಲ್ಲಿಡಿ. ನ್ಯಾಯವಾದ ಮಾತು, ಯಾರ ಮುಲಾಜೂ ಇಲ್ಲ. ಆದರೆ ಹೀಗಿಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಲಿನಕ್ಸ್ ಕಂಪ್ಯೂಟರಿನಲ್ಲಿ ಎಲ್‌ಎಸ್ ಎಂಬ ಆದೇಶದ ಕೈಪಿಡಿಪುಟ ತೆರೆಯಿರಿ. ಈ ಆದೇಶದ ಕೆಲಸ ಇಷ್ಟೇ, ಫೋಲ್ಡರಿನಲ್ಲಿರುವ ಫೈಲುಗಳ ಹೆಸರು ತೋರಿಸುವುದು. ಅದಕ್ಕಿರುವ ಆಯ್ಕೆಗಳು ಮಾತ್ರ ಪರದೆ ಮೇಲೆ ಪರದೆ ಇಳಿದುಕೊಂಡು ಹೋಗುತ್ತವೆ, ಎಲ್ಲವೂ ಎಬಿಸಿಡಿ ಕ್ರಮದಲ್ಲಿ. ಮೊದಲ ಪಂಕ್ತಿಯಲ್ಲಿ ಮೂರನೆಯ ಎಲೆಗೇ ಕೂತಿರುವವನು 'ಆಥರ್' ಎಂಬ ಆಯ್ಕೆ: ಫೈಲಿನ ಕರ್ತೃ ಯಾರು ಅಂತ ತೋರಿಸುತ್ತದಂತೆ. ಲಿನಕ್ಸ್‌ನಲ್ಲಿ ಕರ್ತೃ ಎಂದರೆ ಫೈಲಿನ ಒಡೆಯನೇ. ಅವನ ಹೆಸರು ಬೇರೆ ಆಯ್ಕೆಯಿಂದಲೂ ಬರುತ್ತದೆ. ಅಂದರೆ ಈ ಮಹಾನುಭಾವನಿಗೆ ಅಲ್ಲಿ ಬೇರೆ ಕೆಲಸವೇ ಇಲ್ಲ, ಹೆಸರು 'ಎ'ಯಿಂದ ಶುರುವಾಗುವುದೊಂದೇ ಅರ್ಹತೆ. ದಿನಕ್ಕೆ ನೂರು ಸಲ ಬಳಸುವ 'ಎಲ್' ಎಂಬ ಆಯ್ಕೆ ನಡುಪಂಕ್ತಿಯಲ್ಲೆಲ್ಲೋ ಒತ್ತರಿಸಿಕೊಂಡಿದೆ. ಇತ್ತೀಚಿನ ಫೈಲನ್ನು ಮೊದಲು ತೋರಿಸುವ 'ಟಿ' ಕೊನೆಯ ಪಂಕ್ತಿಗೆ ಬಿದ್ದಿದೆ. ಅಕ್ಷರಕ್ರಮ ಹೆಸರು ಗೊತ್ತಿದ್ದವನ ಬಂಧು. ಹೆಸರು ಗೊತ್ತಿದ್ದರೆ ಈ ಪುಟಕ್ಕೆ ಅರ್ಧ ಜನ ಬರುತ್ತಲೇ ಇರಲಿಲ್ಲ.

ಇನ್ನೊಂದು ಪಕ್ಷ, ವಿಷಯವಾರು ಗುಂಪು ಮಾಡಿ ಅನ್ನುತ್ತದೆ. ಇದು ನಮಗೆ ಹಳೆಯ ದಾರಿ. ಅಮರಸಿಂಹ ಅಮರಕೋಶವನ್ನು ಮೂರು ಕಾಂಡ ಮಾಡಿ, ಒಳಗೆ ಸ್ವರ್ಗವರ್ಗ, ವನೌಷಧಿವರ್ಗ, ಮನುಷ್ಯವರ್ಗ ಎಂದು ಜೋಡಿಸಿದ. ಬಾಯಿಪಾಠ ಮಾಡುವವನಿಗೆ ಅಕಾರಾದಿ ಯಾಕೆ? ಮರದ ಹೆಸರು ಬೇಕಾದರೆ ಮರಗಳ ಮಧ್ಯೆ ನಿಂತುಕೊಂಡರಾಯಿತು. ಆದರೆ ಒಂದೇ ಪದಕ್ಕೆ ಹತ್ತು ಅರ್ಥವಿದ್ದು ಯಾವ ಗುಂಪಿಗೂ ಸೇರದ ತಂಟೆಕೋರ ಪದಗಳು ಬಂದಾಗ ಅಮರಸಿಂಹನೂ ಗುಂಪಿನ ಹಟ ಬಿಟ್ಟ. ನಾನಾರ್ಥವರ್ಗದಲ್ಲಿ ಪದಗಳನ್ನು ಕಡೆಯ ವ್ಯಂಜನ ನೋಡಿ ಜೋಡಿಸಿದ: ಕಕಾರದಲ್ಲಿ ಮುಗಿಯುವುವು ಒಂದು ಕಡೆ, ಖಕಾರದಲ್ಲಿ ಮುಗಿಯುವುವು ಇನ್ನೊಂದು ಕಡೆ. ಎರಡು ಬಗೆಯ ತಡಕಾಟಕ್ಕೆ ಎರಡು ಬಗೆಯ ಜೋಡಣೆ. ಅದನ್ನು ಅವನು ಯಾವ ಮೀಟಿಂಗೂ ಕರೆಯದೆ ತೀರ್ಮಾನಿಸಿದ.

ಎಕ್ಸೆಲ್ ಕೂಡ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಅದರ ಐನೂರರ ಆಸುಪಾಸಿನ ಫಂಕ್ಷನ್‌ಗಳಿಗೆ ಮೈಕ್ರೋಸಾಫ್ಟ್ ಎರಡು ಪಟ್ಟಿ ಕೊಡುತ್ತದೆ, ಒಂದು ಅಕ್ಷರಕ್ರಮದ್ದು, ಒಂದು ಗುಂಪಿನದು. ಗುಂಪುಗಳೆಂದರೆ ಹಣಕಾಸು, ದಿನಾಂಕ, ಪಠ್ಯ, ತರ್ಕ ಇತ್ಯಾದಿ. 'ಹೊಂದಾಣಿಕೆ' ಅಂತಲೂ ಒಂದು ಗುಂಪು. ಹೊಸಬರು ಬಂದ ಮೇಲೂ ಹಳೆಯ ಫೈಲುಗಳ ದಾಕ್ಷಿಣ್ಯಕ್ಕಾಗಿ ಉಳಿಸಿಕೊಂಡ ಹಿರಿಯರೆಲ್ಲ ಅಲ್ಲಿ ಪಿಂಚಣಿ ತಿನ್ನುತ್ತಾ ಕೂತಿದ್ದಾರೆ. ಆದರೆ ಎರಡು ಪಟ್ಟಿ ಇದ್ದಮಾತ್ರಕ್ಕೆ ಎಲ್ಲ ಸಿಕ್ಕಿತು ಅಂದುಕೊಳ್ಳಬೇಡಿ. ಚೆಕ್ಕಿಗೋ ಬಿಲ್ಲಿಗೋ 'ಹನ್ನೆರಡು ಸಾವಿರದ ಐನೂರು ರೂಪಾಯಿ ಮಾತ್ರ' ಅಂತ ಅಂಕಿಯನ್ನು ಅಕ್ಷರ ಮಾಡುವ ಫಂಕ್ಷನ್ ಬೇಕು ಅಂತ ಪಠ್ಯದ ಗುಂಪಿಗೆ ಹೋಗಿ ನೋಡಿ. ಇದೆ! ಹೆಸರು ಬಾತ್‌ಟೆಕ್ಸ್ಟ್. ಅಂಕಿ ಕೊಟ್ಟರೆ ಶುದ್ಧ ಥಾಯ್ ಭಾಷೆಯಲ್ಲಿ ಬರೆದು, ಕೊನೆಗೆ ಥಾಯ್ಲೆಂಡಿನ ಬಾತ್ ನಾಣ್ಯದ ಹೆಸರನ್ನೂ ಸೇರಿಸಿಕೊಡುತ್ತದೆ. ರೂಪಾಯಿಗೆ ಅಂಥದ್ದು ಇಲ್ಲ, ಡಾಲರಿಗೂ ಇಲ್ಲ. ಬ್ಯಾಂಕಾಕಿನ ಗುಮಾಸ್ತರು ಪುಣ್ಯವಂತರು. ನಮ್ಮ ಕಡೆ ಟ್ಯಾಲಿ ಬಿಲ್ಲಿನ ಕೆಳಗೆ ತಾನೇ ಅಕ್ಷರದಲ್ಲಿ ಬರೆದುಕೊಡುವುದರಿಂದ ಮಾನ ಉಳಿದಿದೆ.

ಬಾತ್‌ಟೆಕ್ಸ್ಟ್‌ಗೆ ಎಕ್ಸೆಲ್‌ನ ಒಳಗಿನ ಪಟ್ಟಿಯಲ್ಲಾದರೂ ಜಾಗವಿದೆ. ಡೇಟ್‌ಡಿಫ್ ಅನ್ನುವುದೊಂದಿದೆ, ಎರಡು ದಿನಾಂಕಗಳ ನಡುವೆ ಎಷ್ಟು ವರ್ಷ, ಎಷ್ಟು ತಿಂಗಳು ಅಂತ ಹೇಳುವುದು. ನೌಕರರ ವಯಸ್ಸು, ಸೇವಾವಧಿ ಲೆಕ್ಕ ಹಾಕುವ ಎಲ್ಲ ಆಫೀಸಿನಲ್ಲೂ ಅದು ಬೇಕು. ಲೋಟಸ್ 1-2-3 ಕಾಲದ ಹಾಳೆಗಳಿಗೆ ಹೊಂದಲಿ ಎಂದು ಎಕ್ಸೆಲ್ ಅದನ್ನು ಒಳಗೆ ಬಿಟ್ಟುಕೊಂಡಿದೆ, ಆದರೆ ಫಂಕ್ಷನ್ ಸೇರಿಸುವ ಕಿಟಕಿಯಲ್ಲಿ ಅದರ ಹೆಸರಿಲ್ಲ, ಟೈಪ್ ಮಾಡುವಾಗ ಸೂಚನೆಯಲ್ಲೂ ಬರುವುದಿಲ್ಲ. ಪೂರ್ತಿ ಹೆಸರನ್ನು ತಪ್ಪಿಲ್ಲದೆ ಬರೆದರೆ ಮಾತ್ರ ಕೆಲಸ ಮಾಡುತ್ತದೆ. ಅದು ಗೊತ್ತಿರುವವರಿಗೆ ಗೊತ್ತಾಗಿದ್ದು ಪಕ್ಕದ ಸೀಟಿನವರಿಂದ. ಮಂತ್ರೋಪದೇಶ ಇನ್ನೂ ಕಿವಿಯಿಂದ ಕಿವಿಗೇ ಆಗುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರೊಚಿದಾ ಅವರ ಸಲಹೆ ಅಕ್ಷರಕ್ರಮವೂ ಅಲ್ಲ, ಗುಂಪೂ ಅಲ್ಲ. ಯಂತ್ರ ಹೇಗೆ ಕಟ್ಟಲ್ಪಟ್ಟಿದೆಯೋ ರೆಫರೆನ್ಸೂ ಹಾಗೇ ಇರಲಿ, ಕನ್ನಡಿಯ ಹಾಗೆ, ಅನ್ನುತ್ತಾರೆ. ಭಾವನವರ ಮಗಳಿಗೆ, ಅಂದರೆ ನನ್ನ ಸೊಸೆಗೆ, ಇದು ವೇದವಾಕ್ಯ. ನನಗೆ ಅರ್ಧ ಒಪ್ಪಿಗೆ. ಬರೆಯುವವರಿಗೆ ಇದು ಬಹಳ ಅನುಕೂಲ. ಒಂದನ್ನೂ ಬಿಟ್ಟಿಲ್ಲ ಅಂತ ಎಣಿಸಿ ನೋಡಬಹುದು. ತಡಕಾಡುವವನಿಗೋ? ಯಂತ್ರ ಚೆನ್ನಾಗಿ ಕಟ್ಟಿದ್ದರೆ ಅನುಕೂಲ. ಅಡ್ಡಾದಿಡ್ಡಿ ಕಟ್ಟಿದ್ದರೆ ಕನ್ನಡಿಯಲ್ಲೂ ಅಡ್ಡಾದಿಡ್ಡಿಯೇ. ಹಾರ್ಲಿಕ್ಸ್ ಸೀಸೆಯಲ್ಲಿ ಹುರಿಗಡಲೆ, ಬೋರ್ನ್‌ವೀಟಾ ಡಬ್ಬಿಯಲ್ಲಿ ಸಾಸಿವೆ ತುಂಬಿಟ್ಟ ಅಡಿಗೆಮನೆಗೆ ಹಾರ್ಲಿಕ್ಸ್, ಬೋರ್ನ್‌ವೀಟಾ ಅಂತಲೇ ಪಟ್ಟಿ ಬರೆದು ತಗುಲಿಸಿದರೆ ಹೊಸ ಸೊಸೆ ಒಗ್ಗರಣೆ ಹಾಕುವುದು ಹೇಗೆ?

"ಮಾಮ, ಡಬ್ಬಿ ಹೆಸರು ಬದಲಾಯಿಸೋಕೆ ನಾನ್ಯಾರು? ಅದು ಪ್ರಾಡಕ್ಟ್ ಟೀಮ್ ಇಟ್ಟಿದ್ದು."

"ಬದಲಾಯಿಸಬೇಡ ಕಣೇ. ಹುರಿಗಡಲೆ ಬೇಕಾದರೆ ಹಾರ್ಲಿಕ್ಸ್ ನೋಡಿ ಅಂತ ಒಂದು ಸಾಲು ಬರಿ."

"ಅದಕ್ಕೆ ಇಂಡೆಕ್ಸ್ ಅಂತಾರೆ. ಈಗ ಯಾರು ಮಾಡ್ತಾರೆ ಇಂಡೆಕ್ಸು?"

ಅವಳ ಬಾಯಿಂದಲೇ ಬಂತು. ರೆಫರೆನ್ಸನ್ನು ಹೇಗಾದರೂ ಜೋಡಿಸಿಕೊಳ್ಳಿ, ಅಕ್ಷರಕ್ಕೋ ಗುಂಪಿಗೋ ಯಂತ್ರಕ್ಕೋ ಬಿಟ್ಟದ್ದು. ಅದರ ಮೇಲೆ ಜನ ಆಡುವ ಮಾತಿನಲ್ಲೇ ಒಂದು ಪದಸೂಚಿ ಇಲ್ಲದಿದ್ದರೆ ಅದು ದಾಸ್ತಾನು ಅಷ್ಟೆ. ಪದಸೂಚಿ ಮಾಡುವ ಕಸುಬು ಮಾತ್ರ ನಮ್ಮ ಕಣ್ಣೆದುರೇ ನಿಂತುಹೋಗುತ್ತಿದೆ.

ಇದಕ್ಕೆ ಒಂದು ಸೊಗಸಾದ ಪೂರ್ವಕಾಲ ಇತ್ತು. 1950ರ ದಶಕದ ಕೊನೆಯಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್, ಶೀರ್ಷಿಕೆಯೊಳಗಿನ ಒಂದೊಂದು ಮುಖ್ಯ ಪದಕ್ಕೂ ಸರದಿಯ ಮೇಲೆ ಮುಂದಿನ ಸಾಲಿನ ಕುರ್ಚಿ ಕೊಡುವ ಸೂಚಿಯನ್ನು ಯಂತ್ರದಿಂದಲೇ ತಯಾರಿಸುವ ಉಪಾಯವನ್ನು ಬಳಕೆಗೆ ತಂದ. ಹಳೆಯ ಯೂನಿಕ್ಸ್ ಕೈಪಿಡಿಗಳು ಅದನ್ನೇ ಹಿಡಿದವು. ಯೂನಿಕ್ಸ್ ಆದೇಶಗಳ ಹೆಸರುಗಳೋ, ಯಾರೋ ಅವಸರದಲ್ಲಿ ಸೀನಿದ ಹಾಗೆ: ಸಿಪಿ, ಎಂವಿ, ಗ್ರೆಪ್, ಆಕ್. ಆದರೆ ಪ್ರತಿ ಆದೇಶದ ಹೆಸರಿನ ಎದುರಿಗೆ ಅದು ಮಾಡುವ ಕೆಲಸ ಒಂದೇ ಸಾಲಿನಲ್ಲಿ ಇರಬೇಕೆಂಬ ಕಟ್ಟುನಿಟ್ಟು ಇತ್ತು. ಆ ಒಂದು ಸಾಲನ್ನು ತಿರುಗಿಸಿ ತಿರುಗಿಸಿ ಸೂಚಿ ಮಾಡಿದರು. 'ಫೈಲನ್ನು ನಕಲು ಮಾಡು' ಎಂಬುದು 'ಫೈಲು' ಅನ್ನುವಲ್ಲೂ ಸಿಗುತ್ತಿತ್ತು, 'ನಕಲು' ಅನ್ನುವಲ್ಲೂ ಸಿಗುತ್ತಿತ್ತು. ಸಿಪಿ ಅನ್ನುವ ಹೆಸರನ್ನು ಜನ್ಮದಲ್ಲಿ ಕೇಳದವನೂ ಸಿಪಿಗೆ ಬಂದು ಮುಟ್ಟುತ್ತಿದ್ದ.

ಆಮೇಲೆ ವಿಂಡೋಸ್ 95 ಬಂತು. ಅದರ ಹೆಲ್ಪ್ ಕಿಟಕಿಯಲ್ಲಿ ಮೂರು ಹಾಳೆ: ಪರಿವಿಡಿ, ಸೂಚಿ, ಹುಡುಕು. ಸೂಚಿಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಹೋದರೆ ಪಟ್ಟಿ ತಾನೇ ಜಾರಿಕೊಂಡು ಹತ್ತಿರ ಬರುತ್ತಿತ್ತು. ಒಬ್ಬ ಮನುಷ್ಯ ಕೂತು ಯೋಚಿಸಿ ಬರೆದ ಪದಗಳವು. 'ಹುಡುಕು' ಹಾಳೆ ಒತ್ತಿದರೆ ಮಾತ್ರ ಮೊದಲ ಸಲ ಒಂದು ಅಡ್ಡಪ್ರಶ್ನೆ: ಹುಡುಕಲು ಪದಪಟ್ಟಿ ಮಾಡಬೇಕು, ಪಟ್ಟಿ ಚಿಕ್ಕದಾಗಿರಲೋ, ಹುಡುಕುವ ಶಕ್ತಿ ಹೆಚ್ಚಿರಲೋ, ಇಲ್ಲ ನೀವೇ ನಿರ್ಧರಿಸುತ್ತೀರೋ? ಪ್ರಿಂಟರ್ ಕೆಲಸ ಮಾಡದೆ ತಲೆ ಕೆಟ್ಟು ಬಂದವನಿಗೆ ಈ ಪ್ರಶ್ನೆ! ಆಗ ನಕ್ಕೆವು. ಈಗ ಗೆದ್ದಿರುವುದು ಆ ಮೂರನೆಯ ಹಾಳೆಯೇ. ಪರಿವಿಡಿ ಮೂಲೆಗೆ ಸರಿಯಿತು, ಸೂಚಿ ಸತ್ತೇಹೋಯಿತು, ಎಲ್ಲ ಕಡೆ ಭೂತಗನ್ನಡಿ ಚಿತ್ರದ ಒಂದು ಖಾಲಿ ಪೆಟ್ಟಿಗೆ ಉಳಿಯಿತು. ಅದನ್ನು ತೋರಿಸಿ ಬರೆಯುವವರೆಲ್ಲ ಕೈತೊಳೆದುಕೊಂಡರು. ಎಲ್ಲಿಟ್ಟರೇನು, ಸರ್ಚ್ ಇದೆಯಲ್ಲ!

ಇದೆ. ಭಾವನವರು ಒಂದು ದಿನ ಅದರಲ್ಲಿ 'ಕ್ಯಾನ್ಸಲ್' ಅಂತ ಹೊಡೆದರು. ಹುಡುಗ ತಪ್ಪಾಗಿ ಹಾಕಿದ ಬಿಲ್ಲೊಂದನ್ನು ಕ್ಯಾನ್ಸಲ್ ಮಾಡಬೇಕಿತ್ತು. ಮೊದಲು ಬಂದ ಉತ್ತರ: 'ನಿಮ್ಮ ವಾರ್ಷಿಕ ಚಂದಾವನ್ನು ಕ್ಯಾನ್ಸಲ್ ಮಾಡುವುದು ಹೇಗೆ'. ಎರಡನೆಯದು, ಚಂದಾ ಕ್ಯಾನ್ಸಲ್ ಮಾಡಿದರೆ ನೀವು ಕಳೆದುಕೊಳ್ಳುವ ಸೌಲಭ್ಯಗಳು. ಬಿಲ್ಲಿನ ವಿಷಯ ಬರಲೇ ಇಲ್ಲ, ಯಾಕೆಂದರೆ ಆ ಸಾಫ್ಟ್‌ವೇರ್ ಪ್ರಕಾರ ಬಿಲ್ಲನ್ನು ಕ್ಯಾನ್ಸಲ್ ಮಾಡುವಂತಿಲ್ಲ, ಟ್ರಾನ್ಸಾಕ್ಷನ್ನನ್ನು 'ವಾಯ್ಡ್' ಮಾಡಬೇಕು. ಹುಡುಕುಪೆಟ್ಟಿಗೆಗೆ ಗೊತ್ತಿರುವುದು ಪುಟದಲ್ಲಿ ಬರೆದಿರುವ ಪದ ಮಾತ್ರ. ಪುಟದಲ್ಲಿ ಇಲ್ಲದ, ಆದರೆ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಪದವನ್ನು ತಂದು ಸೇರಿಸುವವನು ಪದಸೂಚಿಕಾರ. ಅವನನ್ನೇ ಮನೆಗೆ ಕಳಿಸಿದ್ದಾರೆ.

ಇರಲಿ, ಪುಟ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಪುಟದ ಒಳಗೆ ಬರೋಣ. ಇಲ್ಲಿ ನನ್ನ ವೋಟು ಕಣ್ಣುಮುಚ್ಚಿ 1971ಕ್ಕೆ. ಆ ವರ್ಷದ ನವೆಂಬರ್ 3ರ ತಾರೀಖು ಹಾಕಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್‌ನ ಮೊದಲ ಕೈಪಿಡಿ ಹೊರತಂದರು. ಯಾವ ಪುಟ ತೆಗೆದರೂ ಅದೇ ತಲೆಬರಹಗಳು, ಅದೇ ಕ್ರಮ: ಹೆಸರು, ಬಳಸುವ ರೀತಿ, ವಿವರ, ಸಂಬಂಧಪಟ್ಟ ಫೈಲುಗಳು, ಇದನ್ನೂ ನೋಡಿ, ಆಮೇಲೆ 'ಬಗ್ಸ್'. ಹೌದು, ಇದರಲ್ಲಿ ಇಂತಿಂಥ ದೋಷಗಳಿವೆ ಅಂತ ಮಾಡಿದವರೇ ಬರೆದು ಸಹಿ ಹಾಕಿದ ಹಾಗೆ. ಬರೆಯಲು ತೀರಾ ನಾಚಿಕೆಯಾಗುವಂಥ ದೋಷವಾಗಿದ್ದರೆ ಬರೆಯುವುದಕ್ಕಿಂತ ಸರಿಮಾಡುವುದೇ ಸುಲಭ ಅಂತ ಪ್ರೋಗ್ರಾಮನ್ನೇ ತಿದ್ದುತ್ತಿದ್ದರಂತೆ. ಇವತ್ತು ಯಾವುದಾದರೂ ಕಂಪನಿಯ ಹೆಲ್ಪ್‌ನಲ್ಲಿ 'ದೋಷಗಳು' ಎಂಬ ತಲೆಬರಹ ಹಾಕಲು ಹೋಗಿ ನೋಡಿ. ಮಾರ್ಕೆಟಿಂಗ್‌ನವರು, ಲೀಗಲ್‌ನವರು ಕೈಕೈ ಹಿಡಿದುಕೊಂಡು ಬಂದು ಅದನ್ನು 'ಪರಿಗಣಿಸಬೇಕಾದ ಅಂಶಗಳು' ಅಂತ ಮಾಡಿ ಹೋಗುತ್ತಾರೆ.

ಎಲ್ಲ ಪುಟವೂ ಒಂದೇ ಅಚ್ಚಿನಲ್ಲಿದ್ದರೆ ಬೇಸರವಾಗುವುದಿಲ್ಲವೇ? ಆಗಬೇಕು. ರೆಫರೆನ್ಸಿನ ಬೇಸರ ಒಂದು ಉಪಚಾರ. ಕಣ್ಣು ತಾನಾಗಿ ಬೇಕಾದ ಜಾಗಕ್ಕೆ ಹೋಗಿ ನಿಲ್ಲಬೇಕಾದರೆ ಪುಟದಲ್ಲಿ ಅಚ್ಚರಿ ಇರಬಾರದು. ಅಚ್ಚರಿ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕತೆಯಿದೆ. ಲಿನಕ್ಸ್‌ನಲ್ಲಿ ಕೈಪಿಡಿಪುಟ ತೋರಿಸುವ ಆದೇಶದ ಹೆಸರೇ 'ಮ್ಯಾನ್'. ನಡುರಾತ್ರಿಯ ನಂತರ ಒಬ್ಬ ಗಂಡಸು ಬೇಕೆಂದು ಹಂಬಲಿಸುವ ಅಬ್ಬಾ ತಂಡದ 1979ರ ಹಾಡೊಂದಿದೆಯಲ್ಲ, ಅದನ್ನು ನೆನೆದು ಆ ಪ್ರೋಗ್ರಾಮಿನ ಉಸ್ತುವಾರಿ ನೋಡಿಕೊಳ್ಳುವವರು 2011ರಲ್ಲಿ ಒಂದು ಕೀಟಲೆ ಸೇರಿಸಿದರು. ರಾತ್ರಿ ಹನ್ನೆರಡೂವರೆಗೆ ಸರಿಯಾಗಿ ಬರೀ 'ಮ್ಯಾನ್' ಅಂತ ಟೈಪ್ ಮಾಡಿದರೆ ಆ ಹಾಡಿನ ಹೆಸರಿನ ತುಣುಕು ಪರದೆಯ ಮೇಲೆ ಬರುತ್ತಿತ್ತು. ವರ್ಷಗಟ್ಟಲೆ ಯಾರೂ ಗಮನಿಸಲಿಲ್ಲ. 2017ರಲ್ಲಿ ಯಾರದೋ ಸ್ವಯಂಚಾಲಿತ ಪರೀಕ್ಷೆ ಅದೇ ಹೊತ್ತಿಗೆ ಓಡಿ, ನಿರೀಕ್ಷೆಯಿಲ್ಲದ ಈ ಸಂಗೀತಕ್ಕೆ ಬೆಚ್ಚಿ ಫೇಲಾಯಿತು. ಕೀಟಲೆಯನ್ನು ತೆಗೆದುಹಾಕಿದರು. ನನಗೆ ಸ್ವಲ್ಪ ವ್ಯಥೆಯಾಯಿತು ಅನ್ನಿ, ಆದರೆ ತೆಗೆದದ್ದು ಸರಿ.

ಬೇಸರ ಬೇರೆ, ಖಾಲಿತನ ಬೇರೆ. ಕೋಡಿನೊಳಗಿನ ಟಿಪ್ಪಣಿಗಳಿಂದಲೇ ರೆಫರೆನ್ಸ್ ಪುಟಗಳನ್ನು ತಯಾರಿಸುವ ಜಾವಾಡಾಕ್‌ನಂಥ ಸಲಕರಣೆಗಳು ಬಂದ ಮೇಲೆ ಪುಟಗಳಿಗೇನೂ ಬರವಿಲ್ಲ. 'ಗೆಟ್‌ನೇಮ್: ನೇಮನ್ನು ಗೆಟ್ ಮಾಡುತ್ತದೆ.' 'ಸೆಟ್‌ಟೈಮೌಟ್: ಟೈಮೌಟನ್ನು ಸೆಟ್ ಮಾಡುತ್ತದೆ. ಕೊಡಬೇಕಾದದ್ದು: ಟೈಮೌಟ್.' ಸ್ವಾಮಿ, ಟೈಮೌಟ್ ಎಂದರೆ ಸೆಕೆಂಡೋ ಮಿಲಿಸೆಕೆಂಡೋ? ಅದೊಂದನ್ನು ತಿಳಿಯಲು ತಾನೇ ಇಷ್ಟು ದೂರ ಬಂದದ್ದು? ಪೈಥಾನಿನಲ್ಲಿ ನಿದ್ರೆ ಮಾಡಿಸುವ ಫಂಕ್ಷನ್‌ಗೆ 5 ಕೊಟ್ಟರೆ ಐದು ಸೆಕೆಂಡು ಮಲಗುತ್ತದೆ. ಜಾವಾದ ಥ್ರೆಡ್ಡಿಗೆ ಅದೇ 5 ಕೊಟ್ಟರೆ ಐದು ಮಿಲಿಸೆಕೆಂಡು, ಅಂದರೆ ಕಣ್ಣು ಮುಚ್ಚುವಷ್ಟರಲ್ಲಿ ಎದ್ದು ಕೂತಿರುತ್ತದೆ. ರೆಫರೆನ್ಸಿನ ಜೀವ ಇರುವುದು ಇಂಥ ಕಡೆ: ಮಾನ ಯಾವುದು, ಮಿತಿ ಎಷ್ಟು, ಏನೂ ಕೊಡದಿದ್ದರೆ ಯಂತ್ರ ಏನೆಂದು ತಿಳಿದುಕೊಳ್ಳುತ್ತದೆ.

ಕಡೆಯದಂತೂ ಕಣ್ಣಿಗೆ ಹೊಡೆಯುವ ಹಾಗೆ ಇರಬೇಕು. ಎಕ್ಸೆಲ್‌ನ ವಿಲುಕಪ್ ನೋಡಿ. ಯಾವುದನ್ನು ಹುಡುಕಬೇಕು, ಯಾವ ಪಟ್ಟಿಯಲ್ಲಿ, ಎಷ್ಟನೆಯ ಕಂಬಸಾಲಿನದು ಬೇಕು ಅಂತ ಮೂರು ಹೇಳಿದ ಮೇಲೆ ನಾಲ್ಕನೆಯದು ಚೌಕ ಆವರಣದಲ್ಲಿರುತ್ತದೆ. ಚೌಕ ಆವರಣ ಎಂದರೆ ಬೇಕಾದರೆ ಕೊಡಿ, ಇಲ್ಲದಿದ್ದರೆ ಬಿಡಿ. ಮನುಷ್ಯಮಾತ್ರದವನು ಬಿಡುತ್ತಾನೆ. ಬಿಟ್ಟರೆ ಎಕ್ಸೆಲ್ 'ಸರಿಸುಮಾರು ಹೊಂದಿದರೆ ಸಾಕು' ಅಂತ ತಿಳಿಯುತ್ತದೆ, ಪಟ್ಟಿ ಅಕ್ಷರಕ್ರಮದಲ್ಲಿದೆ ಅಂತಲೂ ನಂಬುತ್ತದೆ. ಅಂಗಡಿಯವನೊಬ್ಬ ತನ್ನ ದರಪಟ್ಟಿಯನ್ನು ಮಾಲು ಬಂದ ಕ್ರಮದಲ್ಲಿ ಬರೆದುಕೊಂಡಿದ್ದಾನೆ ಅನ್ನಿ. ಮೂರಿಂಚು ಮೊಳೆಯ ದರ ಕೇಳಿದರೆ ಬಾಗಿಲ ಚಿಲಕದ ದರ ಬಂದು ಕೂತರೂ ಕೂತಿತು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ. ಈ ಸಂಗತಿ ರೆಫರೆನ್ಸಿನಲ್ಲಿ ಇಲ್ಲವೆಂದಲ್ಲ, ಇದೆ. ಆದರೆ ಬೇಡದಿದ್ದರೆ ಬಿಡಿ ಅಂದ ವಸ್ತುವಿನ ವಿವರವನ್ನು ಓದುವವರು ಯಾರು? ಆಮೇಲೆ ಬಂದ ಎಕ್ಸ್‌ಲುಕಪ್‌ನಲ್ಲಿ ಬುದ್ಧಿ ಬಂದು, ಏನೂ ಹೇಳದಿದ್ದರೆ ಕರಾರುವಾಕ್ಕಾಗಿ ಹುಡುಕುವುದೇ ರೂಢಿ ಅಂತ ಮಾಡಿದ್ದಾರೆ.

ಇದನ್ನೆಲ್ಲ ಹೇಳಿದರೆ ನನ್ನ ಸೊಸೆ ನಗುತ್ತಾಳೆ. ಸೆಕೆಂಡೋ ಮಿಲಿಸೆಕೆಂಡೋ ಅನ್ನುವುದನ್ನು ಅವಳು ಎಲ್ಲಿಂದ ತರಬೇಕು? ಕೋಡು ಬರೆದವರನ್ನು ಕೇಳಬೇಕು. ವಿಷಯತಜ್ಞರನ್ನು ಆ ಕಸುಬಿನಲ್ಲಿ 'ಸ್ಮೀ' ಅನ್ನುತ್ತಾರಂತೆ. ಸ್ಮೀ ಮೀಟಿಂಗಿನಲ್ಲಿರುತ್ತಾನೆ, ಇಲ್ಲವೇ ರಜೆಯಲ್ಲಿರುತ್ತಾನೆ, ಇವೆರಡೂ ಅಲ್ಲದಿದ್ದರೆ "ಕೋಡಲ್ಲೇ ಇದೆಯಲ್ಲ, ನೋಡಿ" ಅನ್ನುತ್ತಾನೆ. ರಿಲೀಸಿನ ಹಿಂದಿನ ಸಂಜೆ ಅವನಿಂದ ಬರುವ ರಿವ್ಯೂ ಕಾಮೆಂಟು ಯಾವಾಗಲೂ ಅಲ್ಪವಿರಾಮದ ಬಗ್ಗೆ. ಇನ್ನು ಅವಳು ಬರೆಯುವುದು ಡಿಟಾ ಎಂಬ ಮಾನಕದಲ್ಲಿ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾದದ್ದು, ಆ ಹೆಸರಿನ 'ಡಿ' ಚಾರ್ಲ್ಸ್ ಡಾರ್ವಿನ್ನರದು. ಪ್ರತಿ ತುಣುಕೂ ಪರಿಕಲ್ಪನೆಯೋ, ಕೆಲಸವೋ, ರೆಫರೆನ್ಸೋ ಅಂತ ಹುಟ್ಟುವಾಗಲೇ ಜಾತಿ ಬರೆಸಿಕೊಂಡು ಬರಬೇಕು. ಒಂದು ಸಾಲಿನ ಸಲಹೆಯನ್ನು ರೆಫರೆನ್ಸಿನಲ್ಲಿ ಸೇರಿಸಿದರೆ ರಿವ್ಯೂನಲ್ಲಿ ಪಂಕ್ತಿಭೇದವಾಗುತ್ತದೆ.

ಇತ್ತೀಚೆಗೆ ಅವಳ ಕಂಪನಿ ಕನ್ನಡದಲ್ಲೂ ಹೆಲ್ಪ್ ಕೊಡಲು ಹೊರಟಿದೆ. ಇಂಗ್ಲಿಷಿನ ಪದಕೋಶ ಅನುವಾದವಾಗಿ ಬಂತು. ನೋಡಿದರೆ 'ಖಾತೆ' ಮೊದಲು, ಆಮೇಲೆ 'ಬಾಕಿ', ಆಮೇಲೆ 'ಗ್ರಾಹಕ'. ಅಕೌಂಟ್, ಬ್ಯಾಲೆನ್ಸ್, ಕಸ್ಟಮರ್ ಎಂಬ ಮೂಲದ ಕ್ರಮದಲ್ಲಿ ಕನ್ನಡ ಪದಗಳು ಕೂತಿದ್ದವು. ಮತ್ತೆ ಜೋಡಿಸಿ ಅಂತ ಕಳಿಸಿದಳು. ಯಂತ್ರ ಜೋಡಿಸಿತು. ಈ ಸಲ 'ಕಳುಹಿಸು' ಬಂದು 'ಕವರ್' ಮುಂದೆ ನಿಂತಿತ್ತು. ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಎಲ್ಲ ಆದ ಮೇಲೆ ಕೊನೆಗೆ ಳ. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟನ್ನು ತಿರುವಿಹಾಕಿದವರಿಗೆ ಇದು ಬೆರಳಿಗೇ ಗೊತ್ತಿರುತ್ತದೆ. ಆದರೆ ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ ಇಸ್ಕಿ ಸಂಕೇತದಲ್ಲಿ ಲ ಪಕ್ಕದಲ್ಲೇ ಳ ಕೂತಿತ್ತು, ಯೂನಿಕೋಡ್ ಅದೇ ಚೌಕಟ್ಟನ್ನು ಎತ್ತಿಕೊಂಡಿತು. ಸಂಕೇತದ ಅಂಕಿ ನೋಡಿ ಜೋಡಿಸುವ ಯಂತ್ರಕ್ಕೆ ಳ ಎಂಬುದು ವ ಗಿಂತ ಮೊದಲು. "ಕನ್ನಡದಲ್ಲಿ ಹಾಗಲ್ಲ" ಅಂತ ಇವಳು ಟಿಕೆಟ್ ಹಾಕಿದ್ದಕ್ಕೆ, ಬೇರೆ ಭಾಷೆಯವರು ಯಾರೂ ದೂರಿಲ್ಲವಲ್ಲ ಅಂತ ಉತ್ತರ ಬಂದಿದೆ.

ಹೇಗೂ ಕೈಹಾಕಿದ್ದಾಗಿದೆ ಅಂತ ಅವಳು ಇನ್ನೊಂದು ಕೆಲಸ ಮಾಡಿದಳು. ಗ್ರಾಹಕರ ಫೋನ್ ತೆಗೆದುಕೊಳ್ಳುವ ಸಪೋರ್ಟ್ ಹುಡುಗರ ಪಕ್ಕ ಕೂತು, ಜನ ನಿಜವಾಗಿ ಯಾವ ಮಾತಲ್ಲಿ ಕೇಳುತ್ತಾರೆ ಅಂತ ಬರೆದುಕೊಂಡಳು. ಬಿಲ್ ಕ್ಯಾನ್ಸಲ್. ಡೂಪ್ಲಿಕೇಟ್ ಕಾಪಿ. ಹೋದ ತಿಂಗಳದ್ದು ಓಪನ್ ಮಾಡೋದು. ಚಿಲ್ಲರೆ ರೌಂಡ್ ಆಫ್. ಒಂದೊಂದರ ಎದುರಿಗೂ ಹೆಲ್ಪ್‌ನಲ್ಲಿ ಅದಕ್ಕಿರುವ ರಾಜಗಾಂಭೀರ್ಯದ ಹೆಸರು, ಪುಟ. ಇದನ್ನು ಪದಸೂಚಿ ಮಾಡೋಣ ಅಂತ ಮೇಲೆ ಕಳಿಸಿದ್ದಕ್ಕೆ ಮ್ಯಾನೇಜರು "ಸರ್ಚ್ ಇದೆಯಲ್ಲ?" ಅಂದರು.

ಸಾಕ್ಷಿಗೆ ಅವಳು ಅಪ್ಪನ ಪುಸ್ತಕ ತಂದಳು. ಭಾವನವರು ಒಂದು ಹಳೆಯ ಲೆಡ್ಜರಿನ ಮುಂದಿನ ಸೂಚಿ ಹಾಳೆಗಳನ್ನು, ಆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅಕ್ಷರ ಬರೆದಿರುತ್ತಾರಲ್ಲ ಅದನ್ನು, ಬಿಲ್ಲಿಂಗ್ ಸಾಫ್ಟ್‌ವೇರಿಗೇ ಮೀಸಲಿಟ್ಟಿದ್ದಾರೆ. 'ಬಿ' ಹಾಳೆಯಲ್ಲಿ ನೀಲಿ ಇಂಕಿನಲ್ಲಿ ದುಂಡಗೆ: 'ಬಿಲ್ ಕ್ಯಾನ್ಸಲ್: ಇವರು ವಾಯ್ಡ್ ಅಂತಾರೆ. ಮೇಲೆ ಬಲಗಡೆ ಮೂರು ಚುಕ್ಕಿ, ಅಲ್ಲಿ ನಾಲ್ಕನೇದು. ಮೊದಲು ಪ್ರಿಂಟ್ ತೆಗೆದಿಟ್ಟುಕೋ.' ಕೆಳಗೆ ಕೆಂಪು ಇಂಕಿನಲ್ಲಿ: 'ಹೊಸ ವರ್ಷನ್‌ನಲ್ಲಿ ಐದನೇದು.' ಸಂಬಂಧಪಟ್ಟದ್ದನ್ನು ಎಲ್ಲಿ ನೋಡಬೇಕೆಂದೂ ಇದೆ, ದೋಷಗಳಿಗೆ ಬೇರೆಯೇ ಒಂದು ಪುಟವಿದೆ, ಅದರಲ್ಲಿ ಬಳಸಿರುವ ವಿಶೇಷಣಗಳನ್ನು ಇಲ್ಲಿ ಹಾಕುವಂತಿಲ್ಲ.

ಅವಳು ಆ ಹಾಳೆಗಳ ಫೋಟೋ ತೆಗೆದು, ವಿಶೇಷಣಗಳ ಪುಟವೊಂದನ್ನು ಬಿಟ್ಟು, ಟಿಕೆಟಿಗೆ ಲಗತ್ತಿಸಿದಳು. ಎಲ್ಲರೂ ಹೃದಯದ ಗುರುತು ಒತ್ತಿದ್ದಾರಂತೆ. ಟಿಕೆಟ್ 'ಡಾಕ್ಯುಮೆಂಟೇಶನ್, ಲೋ ಪ್ರಯಾರಿಟಿ' ಎಂಬ ಗುಂಪಿನಲ್ಲಿದೆ. ಮುಂದಿನ ರಿಲೀಸ್‌ಗೆ ನೋಡೋಣ ಅಂದಿದ್ದಾರೆ.